ಮಾಸ್ತರರು ಕಟ್ಟಿದ ದ್ವೀಪ

ಪ್ರಭಂಜನ ಮಾಸ್ತರರ ಫಜೀತಿಗೆಲ್ಲ ಕಾರಣ ಒಂದು ಟೊಪ್ಪಿಗೆ. ಅದೂ ಅವರದಲ್ಲ, ಪಂಚಾಯತಿ ಚೇರಮನ್ ಹುಚ್ಚಪ್ಪನದು.

ಮೊರಬದ ಆಚೆ, ಎರೆಹೊಲಗಳ ನಡುವಿನ ಆ ಊರಿಗೆ ಮಾಸ್ತರರು ಬಂದು ವರ್ಷಗಳೇ ಆಗಿದ್ದವು. ಧಾರವಾಡಕ್ಕೆ ವರ್ಗ ಮಾಡಿಸಿಕೊಳ್ಳಬೇಕೆಂಬುದು ಅವರ ಆಸೆ. ಹೆಂಡತಿ ನರ್ಮದಾಬಾಯಿಯ ಆಸೆ ಅದಕ್ಕಿಂತ ಒಂದು ಕೈ ಮೇಲು. ಅಲ್ಲಿ ಆಕೆಯ ತವರುಮನೆ ಇತ್ತು, ಮನೆಯೊಳಗೇ ನಳದ ನೀರಿತ್ತು. ಶಿಕ್ಷಣಾಧಿಕಾರಿಗಳು ಹೋದ ಸಲ ಸಿಕ್ಕಾಗ, "ಒಂದು ಮಾದರಿ ಪಾಠ ಮಾಡಿ ತೋರಸ್ರಿ, ಆಮ್ಯಾಲೆ ನೋಡೂಣು" ಎಂದಿದ್ದರು. ಆ 'ನೋಡೂಣು' ಎಂಬ ಮಾತಿನ ಮೇಲೆ ಗಂಡಹೆಂಡಿರು ಮನಸ್ಸಿನಲ್ಲೇ ಧಾರವಾಡದ ಬಾಡಿಗೆ ಮನೆಯ ಬಾಗಿಲಿಗೆ ತೋರಣ ಕಟ್ಟಿಬಿಟ್ಟಿದ್ದರು. ಇವತ್ತು ಅಧಿಕಾರಿಗಳು ಬರುವ ದಿನ. ನರ್ಮದಾಬಾಯಿ ಬೆಳಿಗ್ಗೆಯೇ ಬೀಸುವ ಕಲ್ಲನ್ನು ಬಾಜು ಮನೆಯ ಸಾವಂತ್ರೆವ್ವನಿಗೆ ದಾನ ಮಾಡಿಯಾಗಿತ್ತು.

ಪಾಠ ಶಾಂತಸಾಗರದ ಒಂದು ಸಣ್ಣ ದ್ವೀಪದ್ದು. ಅಲ್ಲಿ ಪರದೇಶದ ಸಾಹೇಬನೊಬ್ಬನೇ ಕಲೆಕ್ಟರ್, ಅವನೇ ಜಡ್ಜ್, ಅವನೇ ಫೌಜದಾರ. ಇರುವ ಒಂದೇ ಶಾಲೆಯಲ್ಲಿ ಮಕ್ಕಳು ಎಂದೂ ಕಾಣದ ರಾಜನ ಹಾಡು ಹಾಡಬೇಕು, ಅವನ ದೇಶದ ನದಿಗಳ ಹೆಸರು ಉರುಹೊಡೆಯಬೇಕು. ಮನೆಮಾತು ಆಡಿದರೆ ಕೊರಳಿಗೆ ಕಟ್ಟಿಗೆಯ ಹಲಗೆ ಬೀಳುತ್ತಿತ್ತು. ಇದನ್ನು ಬರೀ ಬಾಯಲ್ಲಿ ಹೇಳಿದರೆ ಅಧಿಕಾರಿಗಳು ಆಕಳಿಸುತ್ತಾರೆಂದು ಮಾಸ್ತರರು ನಾಟಕವನ್ನೇ ಬರೆದಿದ್ದರು. ಕೊನೆಯಲ್ಲಿ ದ್ವೀಪದ ಹುಡುಗಿಯೊಬ್ಬಳು ಸಾಹೇಬನಿಗೆ ಕೈಮುಗಿದು ಆಡುವ ಮಾತುಗಳನ್ನಂತೂ ಕರುಳು ಹಿಂಡಿ ಬರೆದಿದ್ದರು. ತಾಲೀಮಿನಲ್ಲಿ ಅದನ್ನು ಕೇಳಿ ಅವರೇ ಮೂಗೊರೆಸಿಕೊಂಡಿದ್ದರು.

ಸಾಹೇಬನ ವೇಷದ ಹುಡುಗನಿಗೆ ಒಂದು ಟೊಪ್ಪಿಗೆ ಬೇಕಿತ್ತು. ಮಾಸ್ತರರು ಚೇರಮನ್ ಮನೆಗೆ ಹೋದರು.

"ಮಾಸ್ತರ, ಇದು ನಮ್ಮ ಮುತ್ಯಾಗ ಬ್ರಿಟಿಷ್ ಕಲೆಕ್ಟರ್ ಕೊಟ್ಟದ್ದು," ಎಂದ ಹುಚ್ಚಪ್ಪ. "ಕಂಡಕಂಡವ್ರ ತಲಿ ಮ್ಯಾಲೆ ಕುಂದರೂ ಟೊಪ್ಪಿಗಿ ಅಲ್ಲ. ಬಂದ್ರ ನನ್ನ ತಲಿ ಕೂಡೇ ಬರತೈತಿ."

"ಅಂದ್ರರಿ?"

"ಅಂದ್ರ ಸಾಹೇಬ ನಾನ ಆಗತೇನಿ."

ಚೇರಮನ್ನನಿಗೆ ಇಲ್ಲ ಎನ್ನುವ ಧೈರ್ಯ ಮಾಸ್ತರರಿಗಿರಲಿಲ್ಲ. ಅವರು ಶಾಲೆ ಮುಟ್ಟುವಷ್ಟರಲ್ಲಿ, ಚುನಾವಣೆಯಲ್ಲಿ ಹುಚ್ಚಪ್ಪನಿಗೆ ಸೋತ ಗುಡದಪ್ಪ ಗೇಟಿನಲ್ಲಿ ನಿಂತಿದ್ದ.

"ಹುಚ್ಚಪ್ಪ ಸಾಹೇಬ ಆದ್ರ ನಾ ಏನ್ ನೆಲದಾಗ ಕುಂದರಬೇಕೇನ್ರಿ?"

"ಗುಡದಪ್ಪ ಕಾಕಾ, ಇದು ಹುಡುಗೂರ ಪಾಠ ಅದರಿ."

"ಅಂವೇನ್ ಏಳನೇತ್ತಾ ಓದತಾನೇನು? ಪಾಠದಾಗ ಹಡಗ ಐತಂತಲ್ಲ, ಆ ಹಡಗ ನಂದು." ಮರುಗಳಿಗೆಗೆ ಅವನ ಟ್ರ್ಯಾಕ್ಟರ್ ಶಾಲೆಯ ಅಂಗಳಕ್ಕೆ ಬಂದು ನಿಂತಿತು.

ಸುದ್ದಿ ಊರೆಲ್ಲ ಹಬ್ಬಿತು. ಊಟದ ಹೊತ್ತಿಗೆ ಮಕ್ಕಳ ಪಾತ್ರಗಳನ್ನೆಲ್ಲ ಅಪ್ಪಂದಿರು ಕಸಿದುಕೊಂಡಿದ್ದರು. ಹೆಣ್ಣುಮಕ್ಕಳ ಪರಕಾರ ಉಡಲು ಯಾವ ಗಂಡಸೂ ಒಪ್ಪದ್ದರಿಂದ ದ್ವೀಪದ ಹುಡುಗಿಯ ಪಾತ್ರವೊಂದು ಮಾತ್ರ ರೇಣುಕಾಳ ಕೈಯಲ್ಲಿ ಉಳಿಯಿತು. ಸಮುದ್ರಕ್ಕೆಂದು ಮಾಸ್ತರರು ಹೆಂಡತಿ ಉಡುವ ನೀಲಿ ಪತ್ತಲದ ಸೀರೆಯನ್ನು ಕಾಡಿಬೇಡಿ ತಂದು ಅಂಗಳದಲ್ಲಿ ಹಾಸಿದರು.

ಅಧಿಕಾರಿಗಳು ಬಂದು ಕುರ್ಚಿಯಲ್ಲಿ ಕುಳಿತರು, ನಾಟಕ ಸುರುವಾಯಿತು. ಟೇಬಲ್ ಏರಿ ಕುಳಿತ ಹುಚ್ಚಪ್ಪನಿಗೆ ಟೊಪ್ಪಿಗೆ ತಲೆಗೇರಿದ್ದೇ ತಡ, ಬರೆದುಕೊಟ್ಟ ಮಾತುಗಳೆಲ್ಲ ಮರೆತುಹೋದವು.

"ಈ ದ್ವೀಪದಾಗ ಯಾರು ದಾರಿ ಒತ್ತಿ ಬೇಲಿ ಹಾಕ್ಯಾರೋ," ಎಂದು ಅವನು ಗುಡದಪ್ಪನನ್ನೇ ದಿಟ್ಟಿಸಿ ಹೇಳಿದ, "ಅವರು ಇವತ್ತ ಸಂಜಿಯೊಳಗ ಕೀಳಬೇಕು. ಇದು ಸರಕಾರದ ಹುಕುಂ."

"ಸಮುದ್ರಕ್ಕ ಎಲ್ಲೀ ದಾರಿಲೇ?" ಎಂದ ಗುಡದಪ್ಪ, ಹಾರ್ನು ಬಾರಿಸುತ್ತ ಹಡಗನ್ನು ಸೀದಾ ಸಮುದ್ರದ ಮೇಲೆ ಹಾಯಿಸಿದ. ದೊಡ್ಡ ಗಾಲಿಗಳ ಕೆಳಗೆ ನೀಲಿ ಪತ್ತಲ ಮುದ್ದೆಯಾಯಿತು. ಮಾಸ್ತರರು ಕಣ್ಣು ಮುಚ್ಚಿಕೊಂಡರು. ತೆರೆದು ನೋಡಿದರೆ ಅಧಿಕಾರಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಅಗದಿ ಖರೇ ತೋರಿಸೀರಿ. ಆ ಪರದೇಶದವರ ರಾಜ್ಯಭಾರ ಹಿಂಗ ಇತ್ತು," ಎಂದರು.

ಮಾಸ್ತರರಿಗೆ ಹೋದ ಜೀವ ಬಂದಂತಾಯಿತು. ಇನ್ನು ಉಳಿದದ್ದು ರೇಣುಕಾಳ ಮಾತು. ಅದೊಂದು ಆದರೆ ಧಾರವಾಡ ಗಟ್ಟಿ.

ರೇಣುಕಾ ಬಂದು ಕೈಮುಗಿದು ತಲೆಯೆತ್ತಿದಳು. ಅದೇ ಹೊತ್ತಿಗೆ ಟೊಪ್ಪಿಗೆ ಜಾರಿ ಹುಚ್ಚಪ್ಪನ ಮೀಸೆಯ ಮೇಲೆ ಕುಳಿತಿತು. ಹುಡುಗಿ ಕಿಸಕ್ಕನೆ ನಕ್ಕವಳು ನಿಲ್ಲಿಸಲಾರದೆ ಅಂಗೈಯನ್ನು ಬಾಯಿಗೆ ಒತ್ತಿಕೊಂಡು ಓಡಿಯೇಹೋದಳು. ಮಾಸ್ತರರು ಅವಳ ಹಿಂದೆ ನಾಲ್ಕು ಹೆಜ್ಜೆ ಓಡಿ ತಿರುಗಿ ಬಂದರು.

ಆಗ ಅವಳ ಅಜ್ಜಿ ಫಕೀರವ್ವ ಸೆರಗು ಸರಿಮಾಡಿಕೊಂಡು ಎದ್ದಳು. ದಿನಾ ಒಲೆಯ ಮುಂದೆ ಮೊಮ್ಮಗಳು ಒದರಿ ಒದರಿ ಆ ಮಾತು ಅಜ್ಜಿಗೂ ಬಾಯಿಪಾಠವಾಗಿತ್ತು. ಟೇಬಲಿನ ಕಡೆ ಅವಳು ತಿರುಗಿಯೂ ನೋಡಲಿಲ್ಲ, ನೆಟ್ಟಗೆ ಕುರ್ಚಿಯ ಕಡೆ ನಡೆದಳು.

"ಯವ್ವಾ, ಈ ಕಡೆ, ಈ ಕಡೆ," ಎಂದು ಮಾಸ್ತರರು ಪಿಸುಗುಟ್ಟಿದರು.

"ಸುಮ್ಮನಿರ್ರಿ ಮಾಸ್ತರ. ಖರೇ ಸಾಹೇಬ್ರು ಇಲ್ಲಿ ಕುಂತಿರುವಾಗ ಸುಳ್ಳ ಸಾಹೇಬಗ ಯಾಕ ಕೈ ಮುಗೀಲಿ?" ಎಂದವಳು ಅಧಿಕಾರಿಗಳ ಮುಂದೆ ನಿಂತಳು. "ಯಪ್ಪಾ, ಹಡಗದಾಗ ಒಬ್ಬ ಮಾಸ್ತರನ ಕಳಸ್ತೀರಿ. ನಮ್ಮ ಹುಡುಗೂರು ಅವನ ಮಾರಿ ಗುರ್ತ ಹಿಡಿಯೂದ್ರಾಗ ಇನ್ನೊಂದ ಹಡಗ ಬಂದು ಅವನ್ನ ಕರಕೊಂಡು ಹೋಗತೈತಿ. ಅಕ್ಷರ ಅರ್ಧಕ್ಕ ನಿಂತಾವು, ಲೆಕ್ಕ ಅರ್ಧಕ್ಕ ನಿಂತಾವು. ನಿಮ್ಮ ರಾಜನೂ ಬ್ಯಾಡ, ಅವನ ಹಾಡೂ ಬ್ಯಾಡ. ಈ ಒಬ್ಬ ಮಾಸ್ತರನ ನಮಗ ಬಿಟ್ಟು ಹೋಗ್ರಿ."

ಬರೆದದ್ದಕ್ಕಿಂತ ಒಂದಕ್ಷರ ಹೆಚ್ಚಿರಲಿಲ್ಲ, ಕಡಿಮೆಯಿರಲಿಲ್ಲ. 'ಈ ಒಬ್ಬ' ಎನ್ನುವಾಗ ಪ್ರಭಂಜನ ಮಾಸ್ತರರ ಕಡೆ ಚಾಚಿದ ಬೆರಳು ಮಾತ್ರ ಫಕೀರವ್ವನದು.

ಅಧಿಕಾರಿಗಳು ಚಷ್ಮಾ ತೆಗೆದು ಕಣ್ಣೊರೆಸಿಕೊಂಡರು.

"ಮಾಸ್ತರ, ಖರೇ ಹೇಳತೀನಿ. ಧಾರವಾಡ ನಿಮಗ ಕೊಡಬೇಕಂತನ ಮನಸ್ಸು ಮಾಡಿ ಬಂದಿದ್ದೆ. ಈಗ ಕೊಟ್ರ ಆ ದ್ವೀಪದ ಸಾಹೇಬಗೂ ನನಗೂ ಏನು ಫರಕು ಉಳೀತು? ನಾ ಇರೂತನಕ ನಿಮ್ಮನ್ನ ಈ ಊರಿಂದ ಯಾರೂ ಅಲುಗಾಡಸಂಗಿಲ್ಲ."

"ಸಾಹೇಬ್ರ, ಅದು ನಾಟಕದ ಮಾತರಿ..."

"ಬರದವರು ನೀವ ಅಲ್ಲೇನು? ಮನಸ್ಸಿನ್ಯಾಗ ಇಲ್ಲದ ಇಂಥಾ ಮಾತು ಬರತಾವೇನು?"

ಊರಿಗೆ ಊರೇ ಚಪ್ಪಾಳೆ ತಟ್ಟಿತು. ಚುನಾವಣೆಯಾದಾಗಿನಿಂದ ಮಾತು ಬಿಟ್ಟಿದ್ದ ಹುಚ್ಚಪ್ಪ, ಗುಡದಪ್ಪ ಇಬ್ಬರೂ ಕೂಡಿ ಮಾಸ್ತರರನ್ನು ಹೆಗಲ ಮೇಲೆ ಎತ್ತಿ ಟ್ರ್ಯಾಕ್ಟರ್ ಹತ್ತಿಸಿದರು. ಕಲೆಕ್ಟರನ ಟೊಪ್ಪಿಗೆಯನ್ನು ಹುಚ್ಚಪ್ಪ ತಾನಾಗಿಯೇ ಅವರ ತಲೆಗೆ ಇಟ್ಟ. ಮುಂದೆ ಹಲಗೆ ಬಾರಿಸುವವರು, ಹಿಂದೆ ಕೇಕೆ ಹಾಕುವ ಮಕ್ಕಳು, ದಾರಿಯುದ್ದಕ್ಕೂ ಗುಲಾಲು. ನಿಜ ಹೇಳಬೇಕೆಂದರೆ ಮಾಸ್ತರರಿಗೆ ಆ ಗಳಿಗೆಯಲ್ಲಿ ಬಹಳ ಸಂತೋಷವಾಯಿತು. ಧಾರವಾಡದ ಯಾವ ಮಾಸ್ತರನಿಗೆ ಇಂಥ ಮೆರವಣಿಗೆ ಸಿಕ್ಕಿತ್ತು? ಅವರು ಎರಡೂ ಕೈಯೆತ್ತಿ ಊರಿಗೆ ನಮಸ್ಕಾರ ಮಾಡಿದರು.

ಟ್ರ್ಯಾಕ್ಟರ್ ಅವರ ಓಣಿಗೆ ತಿರುಗಿತು. ಸಾವಂತ್ರೆವ್ವ ಬೀಸುವ ಕಲ್ಲನ್ನು ಆಗಲೇ ಹೊತ್ತು ತಂದು ಕಟ್ಟೆಯ ಮೇಲಿಟ್ಟು ನಗುತ್ತಿದ್ದಳು. ಬಾಗಿಲಲ್ಲಿ ನರ್ಮದಾಬಾಯಿ, ಕೈಯಲ್ಲಿ ಗಾಲಿಯ ಅಚ್ಚು ಬಿದ್ದ ನೀಲಿ ಪತ್ತಲ.

"ಮಾಸ್ತರನ ಬಿಟ್ಟು ಹೋಗ್ರಿ ಅಂತ ಬರದವ್ರು ಯಾರ್ರಿ?" ಎಂದು ಆಕೆ ಕೇಳಿದಳು.

ಮಾಸ್ತರರು ಟೊಪ್ಪಿಗೆಯನ್ನು ಮೂಗಿನ ತನಕ ಎಳೆದುಕೊಂಡರು.