ಡ್ರಿಲ್ ಮಾಸ್ತರನ ಹಿಮ್ಮಡಿ

ಡ್ರಿಲ್ ಮಾಸ್ತರನಿಗೆ ಶೀತವಾದರೆ ಯಾರೂ ಕೇಳುವುದಿಲ್ಲ. ಹಿಮ್ಮಡಿ ನೋವು ಬಂದರೆ ಮಾತ್ರ ಊರಿಗೆ ಊರೇ ನಗುತ್ತದೆ. ಐವತ್ತರ ದಶಕದ ಕೊನೆಗೆ, ಕಾರ್ಕಳದ ಹತ್ತಿರದ ಒಂದು ಶಾಲೆಯಲ್ಲಿ ಮಕ್ಕಳಿಗೆ ಲೆಫ್ಟ್ ರೈಟ್ ಹೇಳಿಕೊಡುತ್ತಿದ್ದ ನನಗೆ ಆದದ್ದು ಅದೇ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ. ಎರಡು ತಿಂಗಳಲ್ಲಿ ಶಾಲಾ ಇನ್ಸ್‌ಪೆಕ್ಟರರ ಭೇಟಿ ಬೇರೆ ಇತ್ತು. ಕುಂಟುವ ಡ್ರಿಲ್ ಮಾಸ್ತರನನ್ನು ಕಂಡರೆ ಅವರು ನನ್ನನ್ನು ಅಂಗಳದಿಂದ ಎಬ್ಬಿಸಿ ಆಫೀಸಿನ ಮೂಲೆಯಲ್ಲಿ ಕೂರಿಸುವುದು ಖಂಡಿತ. ಆ ಅಂಗಳ ಬಿಟ್ಟರೆ ನನಗೆ ಬೇರೆ ಸುಖವಿರಲಿಲ್ಲ. ನಿಜವಾಗಿಯೂ ಹೆದರಿದ್ದೆ.

೧. ಮದ್ದು

ಮಣಿಪಾಲದ ಡಾಕ್ಟರು ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿದರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ಬರಿಗಾಲಲ್ಲಿ ಮುರಕಲ್ಲಿನ ಗಟ್ಟಿ ನೆಲದ ಮೇಲೆ ಕುಪ್ಪಳಿಸುತ್ತೀರಿ, ಅಲ್ವಾ?" ಎಂದರು. "ಅಂಗಾಲಿನಲ್ಲಿ ಹಿಮ್ಮಡಿಯಿಂದ ಬೆರಳಿನವರೆಗೆ ಒಂದು ಪಟ್ಟಿ ಉಂಟು. ಅದು ದಣಿದಿದೆ. ರಾತ್ರಿ ಬಿಗಿದುಕೊಳ್ಳುತ್ತದೆ, ಬೆಳಿಗ್ಗೆ ಎಳೆಯುತ್ತದೆ."

ಇಂಜೆಕ್ಷನ್ ಕೊಡುತ್ತಾರೆಂದು ಅಂಗಿಯ ತೋಳು ಮಡಚಿ ಕೂತೆ. ಅವರು ಕೊಟ್ಟದ್ದು ಬರೀ ಮಾತು. ಕುಪ್ಪಳಿಸುವುದು ಸದ್ಯಕ್ಕೆ ಬೇಡ. ಮನೆಯೊಳಗೂ ಮೆತ್ತಗಿನ ಚಪ್ಪಲಿ ಹಾಕಿ. ಬಾಟ್ಲಿಯ ಮೇಲೆ ಅಂಗಾಲು ಉರುಳಿಸಿ. ದಿನಕ್ಕೆ ಮೂರು ಸಲ ಗೋಡೆಗೆ ಎರಡೂ ಕೈ ಕೊಟ್ಟು, ನೋವಿನ ಕಾಲು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮುಂದಕ್ಕೆ ಬಾಗಿ, ಮೀನಖಂಡ ಎಳೆಯಬೇಕು.

ಮನೆಗೆ ಬಂದಾಗ ಅಮ್ಮ, "ಎಂತ ಮದ್ದು ಕೊಟ್ಟರು?" ಎಂದು ಕೇಳಿದಳು.

"ಗೋಡೆ ದೂಡಲಿಕ್ಕೆ ಹೇಳಿದರು."

"ಅದಕ್ಕೆ ಅಷ್ಟು ದೂರ ಹೋಗಬೇಕಿತ್ತಾ? ನಮ್ಮಲ್ಲೇ ನಾಲ್ಕು ಉಂಟಲ್ಲ."

೨. ಟೊಪ್ಪಿ

ಚಪ್ಪಲಿ ಹೊಸ್ತಿಲು ದಾಟುವುದು ನಮ್ಮ ಮನೆಯಲ್ಲಿ ನಡೆಯದ ಮಾತು. ಅಮ್ಮನೇ ದಾರಿ ಹುಡುಕಿದಳು. ಪಕ್ಕದ ಮನೆಯ ಯಜಮಾನರು ನಮ್ಮ ಜಗಲಿಯಲ್ಲಿ ಎರಡು ಮುಟ್ಟಾಳೆ ಮರೆತು ಹೋಗಿದ್ದರು. ಗದ್ದೆಗಿಳಿಯುವಾಗ ತಲೆಗಿಡುವ, ಅಡಿಕೆ ಹಾಳೆಯ ಟೊಪ್ಪಿ. ಅದರೊಳಗೆ ಹಳೆ ಸೀರೆ ತುಂಬಿ ನನ್ನ ಪಾದಕ್ಕೆ ಕಟ್ಟಿದಳು. ಸುಳ್ಳು ಹೇಳಬಾರದು, ಹಾಯೆನಿಸಿತು.

ಮರುದಿನ ಯಜಮಾನರು ಟೊಪ್ಪಿ ಹುಡುಕುತ್ತ ಬಂದರು. ನನ್ನ ಪಾದವನ್ನು ಬಹಳ ಹೊತ್ತು ನೋಡಿದರು.

"ಇರಲಿ ಮಾಸ್ಟ್ರೇ," ಎಂದರು. "ಮಳೆಗೆ ಮುಂಚೆ ಗುಣ ಮಾಡಿಕೊಳ್ಳಿ. ಇಲ್ಲದಿದ್ದರೆ ನಾನು ತಲೆಗೆ ಚಪ್ಪಲಿ ಕಟ್ಟಿಕೊಂಡು ಗದ್ದೆಗೆ ಇಳಿಯಬೇಕಾದೀತು."

೩. ಬಾಟ್ಲಿ

ಒಂದು ದಿನ ತರಗತಿಯಲ್ಲಿ ಕೂತು, ಮೇಜಿನಡಿ ಖಾಲಿ ಬಾಟ್ಲಿಯ ಮೇಲೆ ಪಾದ ಉರುಳಿಸುತ್ತಿದ್ದೆ. ಅದು ಜಾರಿ, ನೆಲದುದ್ದಕ್ಕೂ ಉರುಳಿ, ಬಾಗಿಲಲ್ಲಿ ಹೆಡ್ಮಾಸ್ಟ್ರ ಕಾಲಬುಡದಲ್ಲಿ ನಿಂತಿತು. ಕಾಪುವಿನವರು, ಭಾರೀ ಶಿಸ್ತಿನ ಮನುಷ್ಯ. ಎತ್ತಿ ಮೂಸಿ ನೋಡಿದರು.

"ಪಾನನಿರೋಧ ಉಂಟು, ಗೊತ್ತುಂಟಲ್ಲ ಮಾಸ್ಟ್ರೇ?"

"ಇದು ಬರೀ ಅಂಗಾಲಿಗೆ ಸರ್."

"ನನ್ನ ಭಾವನೂ ಶುರುವಿಗೆ ಅಂಗಾಲಿಗೇ ಹಚ್ಚಿಕೊಳ್ಳುತ್ತಿದ್ದ," ಎಂದು ಬಾಟ್ಲಿ ತೆಗೆದುಕೊಂಡು ಹೋದರು.

೪. ಗೋಡೆ

ಆದರೂ ನೋವು ಮುಕ್ಕಾಲು ಪಾಲು ಇಳಿಯಿತು. ಇನ್ಸ್‌ಪೆಕ್ಟರರು ಬರುವ ದಿನ ಕೊನೆಯದಾಗಿ ಒಮ್ಮೆ ಕಾಲು ಎಳೆಯೋಣವೆಂದು ಶಾಲೆಯ ಹಿಂದೆ ಹೋದೆ. ಯಾರ ಕಣ್ಣಿಗೂ ಬೀಳದ ಗೋಡೆ ಅದೊಂದೇ. ಹಿಂದಿನ ಮಳೆಗಾಲದಲ್ಲಿ ಅದು ಮೇಲಿಂದ ಕೆಳಗೆ ಬಿರುಕು ಬಿಟ್ಟಿತ್ತು. ಹೆಡ್ಮಾಸ್ಟ್ರು ಬರೆದ ಅರ್ಜಿಗಳಿಗೆ ಒಂದಕ್ಕೂ ಉತ್ತರ ಬಂದಿರಲಿಲ್ಲ.

ಇನ್ಸ್‌ಪೆಕ್ಟರರ ಜೀಪು ಬೇಗ ಬಂತು, ಅದೂ ಹಿಂದಿನ ದಾರಿಯಲ್ಲಿ. ಹೆಡ್ಮಾಸ್ಟ್ರೂ ಓಡಿ ಬಂದರು. ಇಬ್ಬರೂ ಕಂಡದ್ದು ಏನು? ಗೋಡೆಗೆ ಎರಡೂ ಕೈ ಕೊಟ್ಟು, ಹಲ್ಲು ಕಚ್ಚಿ ನಿಂತ ನನ್ನನ್ನು.

"ಎಷ್ಟು ಸಮಯದಿಂದ ಹೀಗೆ?" ಇನ್ಸ್‌ಪೆಕ್ಟರರು ಮೆಲ್ಲಗೆ ಕೇಳಿದರು.

ಗಾಬರಿಯಲ್ಲಿ ನಿಜವನ್ನೇ ಹೇಳಿದೆ. "ಎರಡು ತಿಂಗಳು ಸರ್. ದಿನಕ್ಕೆ ಮೂರು ಸಲ."

"ಬಿಟ್ಟರೆ?"

"ಒಂದು ದಿನ ಬಿಟ್ಟರೂ ಕಷ್ಟ ಸರ್."

ಅವರು ಬಿರುಕು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ಮಕ್ಕಳನ್ನೆಲ್ಲ ತಾವೇ ಹೊರಗೆ ಕರೆದರು. ಇದು ಕಾಲಿನ ಮದ್ದು ಎನ್ನಲು ನಾನು ಬಾಯಿ ತೆರೆದಾಗ ಹೆಡ್ಮಾಸ್ಟ್ರು ನನ್ನ ನೋವಿನ ಕಾಲನ್ನೇ ತುಳಿದರು. ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡು ಇನ್ಸ್‌ಪೆಕ್ಟರರ ಕಣ್ಣೂ ಒದ್ದೆಯಾಯಿತು.

"ಇಂಥವರನ್ನು ಈ ಶಾಲೆಯ ಅಂಗಳದಿಂದ ಯಾರೂ ಕದಲಿಸಬಾರದು," ಎಂದು ಬರೆದು ಹೋದರು.

ತಿಂಗಳೊಳಗೆ ಹೊಸ ಗೋಡೆಗೆ ಮಂಜೂರಾತಿ ಬಂತು. ಹೆಡ್ಮಾಸ್ಟ್ರು ಬಾಟ್ಲಿ ತಂದು ನನ್ನ ಕೈಯಲ್ಲಿಟ್ಟರು. ಆಮೇಲೆ ತಲೆಯೆತ್ತಿ ಶಾಲೆಯ ಸೋರುವ ಹಂಚಿನ ಮಾಡನ್ನು ನೋಡುತ್ತ, ತುಂಬ ಅಕ್ಕರೆಯಿಂದ ಕೇಳಿದರು:

"ಮಾಸ್ಟ್ರೇ, ನಿಮಗೆ ಭುಜ ನೋವು ಎಂತಾದರೂ ಉಂಟಾ?"