ಕುದುರೆಯ ಎಡಗಣ್ಣು

"ನನ್ನ ಮೈಯಲ್ಲಿ ಯಾರಾದ್ರೂ ಒಂದೇ ಒಂದು ಕುಂದು ಹುಡುಕಿ ತೋರಿಸಲಿ. ತೊರಿಯ ಲಗಾಮು ಅವರ ಕೈಗೆ ಕೊಟ್ಬಿಡ್ತೀನಿ."

ನಲವತ್ತೊಂಬತ್ತಕ್ಕೆ ಕಾಲಿಟ್ಟ ದಿನ ಬೈಮುರತ್ ಊಟದ ಮೇಜಿನ ಮುಂದೆ ಎದೆ ತಟ್ಟಿಕೊಂಡು ಹೀಗೊಂದು ಘೋಷಣೆ ಮಾಡಿದ. ತಾಯಿ ಕೇಳಿಸಿಕೊಂಡಳು. ಹೆಂಡತಿ ಕೇಳಿಸಿಕೊಂಡಳು. ಕಿಟಕಿಯಾಚೆ ಕಟ್ಟಿದ್ದ ತೊರಿಯೂ ಕಿವಿ ನಿಮಿರಿಸಿತು.

ತೊರಿ ಅವನ ಕಂದು ಕುದುರೆ. ಆಡಿನ ಕಳೇಬರವನ್ನು ಕಸಿದುಕೊಂಡು ಓಡುವ ಕೋಕ್ಪಾರ್ ಆಟಕ್ಕೆ ಶು ನದಿಯ ಎರಡೂ ದಂಡೆಗಳಲ್ಲಿ ಅಂಥ ಇನ್ನೊಂದು ಕುದುರೆಯಿಲ್ಲ ಎಂಬುದು ಅವನ ನಂಬಿಕೆ. ಅದರ ಆರೋಗ್ಯಕ್ಕೆಂದೇ ಲಾಯದ ಮೊಳೆಯಲ್ಲಿ ಒಂದು ನೀಲಿ ಫೈಲು ತೂಗುತ್ತಿತ್ತು. ಹಲ್ಲು ವರ್ಷಕ್ಕೆರಡು ಸಲ, ಗೊರಸು ಆರು ವಾರಕ್ಕೊಮ್ಮೆ, ಲಸಿಕೆ, ಜಂತುಹುಳು, ರಕ್ತ, ಎಲ್ಲವೂ ದಿನಾಂಕದ ಸಮೇತ. ಈಚಿನ ಎರಡು ವರ್ಷಗಳಲ್ಲಿ ಮೂರು ಸಲ ಕಣ್ಣನ್ನೂ ತೋರಿಸಿದ್ದ. ಆಟದಲ್ಲಿ ಎಡಗಡೆಯಿಂದ ನುಗ್ಗಿದವರೆಲ್ಲ ಅವನ ಕೈಯಿಂದ ಆಡನ್ನು ಕಿತ್ತುಕೊಂಡು ಹೋಗುತ್ತಿದ್ದರು. ಕುದುರೆಗೆ ಎಡಗಡೆ ಕಾಣುತ್ತಿಲ್ಲ ಎಂದು ಅವನು ತೀರ್ಮಾನಿಸಿದ್ದ. ಪಶುವೈದ್ಯ ಮೊದಲ ಸಲ 'ಎಡಗಣ್ಣು ಚೆನ್ನಾಗಿದೆ' ಎಂದು ಬರೆದ. ಎರಡನೇ ಸಲ ಅದನ್ನೇ ಬರೆದು, ಇವನ ಸಮಾಧಾನಕ್ಕೆ ಉಪ್ಪುನೀರಿನ ಹನಿ ಕೊಟ್ಟ. ಮೂರನೇ ಸಲ 'ಎಡಗಣ್ಣು ಈಗಲೂ ಚೆನ್ನಾಗಿದೆ. ಇನ್ನು ಕರೆತರಬಾರದು' ಎಂದು ಬರೆದು ಕೆಳಗೆ ಗೆರೆ ಎಳೆದ.

ಬೈಮುರತ್‌ನಿಗೂ ಊರಿನ ಚಿಕಿತ್ಸಾಲಯದಲ್ಲಿ ಒಂದು ಕಾರ್ಡಿತ್ತು. ಅದರಲ್ಲಿ ಹೆಸರೊಂದನ್ನು ಬಿಟ್ಟು ಬೇರೇನೂ ಬರೆದಿರಲಿಲ್ಲ.

ಘೋಷಣೆಗೆ ಕಾರಣ ಅವನ ತಾಯಿ ಬಲ್ಕಿಯಾ. ಹನ್ನೆರಡು ವರ್ಷಕ್ಕೊಮ್ಮೆ ಮನುಷ್ಯನಿಗೆ ಒಂದು ಗಂಡಾಂತರದ ವರ್ಷ ಬರುತ್ತದೆ. ಹದಿಮೂರು, ಇಪ್ಪತ್ತೈದು, ಮೂವತ್ತೇಳು, ನಲವತ್ತೊಂಬತ್ತು. ಆ ವರ್ಷ ತನಗೆ ಅತಿ ಪ್ರಿಯವಾದದ್ದನ್ನು ಬೇರೆಯವರಿಗೆ ಕೊಟ್ಟುಬಿಟ್ಟರೆ ಗಂಡಾಂತರವೂ ಅದರ ಬೆನ್ನೇರಿ ಹೊರಟುಹೋಗುತ್ತದೆ. ಈ ಲೆಕ್ಕದಲ್ಲಿ ಮಗನ ಹದಿಮೂರಕ್ಕೆ ಅವನು ಕವಡೆಯಂತೆ ಆಡುತ್ತಿದ್ದ ಕುರಿಯ ಕೀಲುಮೂಳೆಗಳ ಚೀಲ ಹೋಯಿತು. ಇಪ್ಪತ್ತೈದಕ್ಕೆ ಚರ್ಮದ ಜಾಕೆಟ್ಟು ಹೋಯಿತು. ಮೂವತ್ತೇಳಕ್ಕೆ ಪಕ್ಕದಲ್ಲಿ ಕೂರಲು ತೊಟ್ಟಿಲು ಜೋಡಿಸಿದ್ದ ಮೋಟಾರ್ ಸೈಕಲ್ಲು ಬಲ್ಕಿಯಾಳ ತಮ್ಮನ ಪಾಲಾಗಿ, ಮರು ತಿಂಗಳೇ ಕಾಲುವೆಗೆ ಬಿತ್ತು. "ನೋಡಿದ್ಯಾ, ಗಂಡಾಂತರ ಅದರ ಜೊತೆಗೇ ಹೋಯ್ತು," ಎಂದು ಅವಳು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾಳೆ. ಕಾಲು ಮುರಿದುಕೊಂಡ ತಮ್ಮ ಆ ಹೆಮ್ಮೆಯಲ್ಲಿ ಪಾಲುದಾರನಲ್ಲ.

"ಈ ಸಲ ಕುದುರೆ," ಎಂದಳು ಬಲ್ಕಿಯಾ, ಮಾಂಸದ ತಟ್ಟೆಯನ್ನು ಮಗನ ಕಡೆ ತಳ್ಳುತ್ತ.

ಬೈಮುರತ್ ತಟ್ಟೆಯನ್ನು ತಿರುಗಿ ತಾಯಿಯ ಕಡೆ ತಳ್ಳಿದ. "ಅಮ್ಮ, ಕಾಲ ಬದಲಾಗಿದೆ. ಗಂಡಾಂತರ ಇದೆಯೋ ಇಲ್ವೋ ಅಂತ ಈಗ ಆಸ್ಪತ್ರೇಲೇ ನೋಡಿ ಹೇಳ್ತಾರೆ. ಗಂಡಾಂತರವೇ ಇಲ್ಲ ಅಂದ್ಮೇಲೆ ಕುದುರೆ ಯಾಕೆ ಕೊಡ್ಬೇಕು?"

ಆಸ್ಪತ್ರೆ ಎಂಬ ಮಾತು ಬಾಯಿಂದ ಜಾರಿದ್ದು ಅವನಿಗೆ ಗೊತ್ತಾಗುವಷ್ಟರಲ್ಲಿ ಚಹಾ ಬಗ್ಗಿಸುತ್ತಿದ್ದ ಹೆಂಡತಿಯ ಕೈ ನಿಂತಿತ್ತು. ಕುಲ್ಯಾಷ್ ಊರಿನ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ನಲವತ್ತು ತುಂಬಿದ ಗಂಡಸರು ಎರಡು ವರ್ಷಕ್ಕೊಮ್ಮೆ ಬಂದು ತೋರಿಸಿಕೊಳ್ಳಬೇಕು ಎಂಬ ಚಿಕಿತ್ಸಾಲಯದ ಪತ್ರಗಳಿಗೆ ತಾನೇ ಮೊಹರು ಒತ್ತಿ, ತಾನೇ ಮನೆಗೆ ತಂದುಕೊಟ್ಟವಳು. ಬೈಮುರತ್ ಅವುಗಳಿಂದ ಚಹಾ ಕಾಯಿಸುವ ಸಮೋವರಿಗೆ ಬೆಂಕಿ ಹಚ್ಚಿದ್ದ.

"ಹಾಗಾದ್ರೆ ಸೋಮವಾರ," ಎಂದಳು ಕುಲ್ಯಾಷ್.

"ಏನು ಸೋಮವಾರ?"

"ಬೆಳಗ್ಗೆ ಎಂಟಕ್ಕೆ. ಖಾಲಿ ಹೊಟ್ಟೇಲಿ. ನಾನು ನರ್ಸ್ ಮರ್ಝಾನ್‌ಗೆ ಫೋನ್ ಮಾಡ್ತೀನಿ."

ಬಲ್ಕಿಯಾ ಮಗನ ಕಡೆ ಬೆರಳು ತೋರಿಸಿದಳು. "ಆಯ್ತು. ಎಲ್ಲ ಸರಿ ಇದೆ ಅಂತ ಕಾಗದ ತಾ, ಕುದುರೆ ಇಟ್ಕೋ. ಒಂದು ಕುಂದು ಕಂಡರೂ ಕುದುರೆ ಹೋಗುತ್ತೆ."

ಬೈಮುರತ್ ಎದೆ ತಟ್ಟಿಕೊಂಡದ್ದು ಆಗ.

ಸೋಮವಾರ ಅವನು ಹೊಸ ಟೋಪಿ ಹಾಕಿಕೊಂಡು ಹೊಸ್ತಿಲು ದಾಟುವಾಗ ತಾಯಿ ರೊಟ್ಟಿ ಹಿಡಿದು ಅಡ್ಡ ನಿಂತಳು. ಮನೆಯಿಂದ ಹೊರಟವನು ರೊಟ್ಟಿಗೆ ಬಾಯಿ ಮುಟ್ಟಿಸದೆ ಹೋಗುವುದುಂಟೆ? ಅವನ ಅಪ್ಪ ಹಾಗೆ ಹೋಗಿರಲಿಲ್ಲ. ಅಪ್ಪನ ಅಪ್ಪನೂ ಹೋಗಿರಲಿಲ್ಲ. ಬೈಮುರತ್ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ನಡೆದ.

ಚಿಕಿತ್ಸಾಲಯದಲ್ಲಿ ಇರುವುದು ಒಬ್ಬಳೇ ನರ್ಸು. ಮೂವತ್ತರ ಮರ್ಝಾನ್. ಸೂಜಿ ಎತ್ತಿಕೊಂಡು ಅವಳು ಕೇಳಿದಳು, "ಏನೂ ತಿಂದಿಲ್ಲ ತಾನೇ, ಅಣ್ಣ?"

"ಏನೂ ಇಲ್ಲ."

"ಏನಂದ್ರೆ ಏನೂ ಇಲ್ಲ?"

"ರೊಟ್ಟಿ."

"ಅಣ್ಣ, ರೊಟ್ಟಿ ತಿಂದ್ರೆ ತಿಂದ ಹಾಗೇ."

"ಅದು ತಿಂದಿದ್ದಲ್ಲಮ್ಮ. ಮನೆಯಿಂದ ಹೊರಟಿದ್ದು."

ಮರ್ಝಾನ್ ಸೂಜಿ ಕೆಳಗಿಟ್ಟಳು. "ನಾಳೆ ಹೊರಡದೇ ಬನ್ನಿ," ಎಂದಳು.

ಮಂಗಳವಾರ ಅವನು ಲಾಯದ ಹಿಂಬಾಗಿಲಿನಿಂದ ಕುದುರೆ ಹತ್ತಿ ತಪ್ಪಿಸಿಕೊಂಡ. ಅರ್ಧ ದಾರಿಯಲ್ಲಿ ಒರಾಜ್‌ನ ಮನೆ. ಒರಾಜ್ ಅವನ ಓರಗೆಯವನು. ಆ ಊರಿನಲ್ಲಿ ಹಿರಿಯರನ್ನು ಕೆಣಕುವಂತಿಲ್ಲ, ಕಿರಿಯರನ್ನು ಕೆಣಕಿದರೆ ಮರ್ಯಾದೆಯಲ್ಲ. ಹೀಗಾಗಿ ಒಬ್ಬ ಗಂಡಸಿನ ಜೀವಮಾನದ ಕುಚೋದ್ಯವೆಲ್ಲ ಓರಗೆಯವರ ಪಾಲಿಗೇ ಬರುತ್ತದೆ. ಒರಾಜ್ ಅಂಗಳದಲ್ಲಿ ಚಹಾಕ್ಕೆ ಕೂತಿದ್ದ.

"ತಿನ್ನೋ ಹೊತ್ತಿಗೇ ಬಂದ್ಯಲ್ಲ. ಹಾಗೆ ಬಂದವನು ಅತ್ತೆಗೆ ಅಚ್ಚುಮೆಚ್ಚು ಅಂತಾರೆ. ನಿನ್ನ ಅತ್ತೆಗೆ ನಿನ್ನ ಕಂಡರೆ ಪ್ರೀತಿ ಇತ್ತು ಅಂತ ಕಾಣುತ್ತೆ. ಪಾಪ, ಆಕೆಗೂ ಕಣ್ಣು ಕಾಣ್ತಿರಲಿಲ್ವೇನೋ. ಇಳಿಯೋ."

"ಇಳಿಯಲ್ಲ. ಖಾಲಿ ಹೊಟ್ಟೇಲಿ ಇರ್ಬೇಕು."

"ಖಾಲಿ ಇರೋದು ಮೇಲಿನದು. ಹೊಟ್ಟೆ ಅಲ್ಲ."

"ಆಸ್ಪತ್ರೆಗೆ ಹೋಗ್ತಿದ್ದೀನಿ ಕಣೋ."

"ಮೊದಲೇ ಹೇಳ್ಬಾರ್ದಾ? ತೊರಿಗೆ ಏನಾಯ್ತು?"

ಒರಾಜ್‌ನ ಹೆಂಡತಿ ರೊಟ್ಟಿಯ ತಟ್ಟೆ ಹಿಡಿದು ಬಂದಳು. ತಟ್ಟೆ ಕುದುರೆಯ ಕೊರಳವರೆಗೂ ಎದ್ದಿತು. ಬೈಮುರತ್ ಒಂದು ತುಂಡು ತೆಗೆದು, ತುಟಿಗೆ ಮುಟ್ಟಿಸಿ, ಯಾರಿಗೂ ಕಾಣದಂತೆ ಜೇಬಿಗೆ ಹಾಕಿಕೊಂಡ. ಆ ಗೆಲುವಿನ ಖುಷಿಯಲ್ಲಿ ಚಿಕಿತ್ಸಾಲಯ ತಲುಪಿ ಬೆಂಚಿನ ಮೇಲೆ ಕೂತ. ಮುಂದೆ ಮೂರು ಜನರಿದ್ದರು. ಎದುರಿನ ಗೋಡೆಯಲ್ಲಿ ಗಂಡಸರು ಮೂವತ್ತಕ್ಕೆ ಏನು, ನಲವತ್ತಕ್ಕೆ ಏನು, ಐವತ್ತಕ್ಕೆ ಏನು ತೋರಿಸಿಕೊಳ್ಳಬೇಕು ಎಂಬ ಹಾಳೆ. ಓದುತ್ತ ಓದುತ್ತ ಅವನಿಗೆ ದಿಗಿಲಾಯಿತು. ದಿಗಿಲಾದಾಗ ಕೈ ತಾನಾಗಿ ಜೇಬಿಗೆ ಹೋಯಿತು. ಐವತ್ತರ ಸಾಲು ಮುಗಿಯುವಷ್ಟರಲ್ಲಿ ಜೇಬು ಖಾಲಿಯಾಗಿತ್ತು.

ಮರ್ಝಾನ್ ಬಾಗಿಲಿಗೆ ಬಂದು ಅವನ ಮೀಸೆಯಲ್ಲಿದ್ದ ರೊಟ್ಟಿಯ ಚೂರು ನೋಡಿದಳು. "ನಾಳೆ ಕುಲ್ಯಾಷ್ ಅಕ್ಕನ್ನ ಕರ್ಕೊಂಡು ಬನ್ನಿ," ಎಂದಷ್ಟೇ ಹೇಳಿದಳು.

ಬುಧವಾರ ಕುಲ್ಯಾಷ್ ಕಚೇರಿಗೆ ರಜೆ ಹಾಕಿ ಲಗಾಮನ್ನು ತಾನೇ ಹಿಡಿದಳು. ಹೊಸ್ತಿಲಲ್ಲಿ ಅತ್ತೆ ರೊಟ್ಟಿಯೊಂದಿಗೆ ಸಿದ್ಧಳಾಗಿದ್ದಳು. ಎರಡೂ ಕಡೆಯವರ ನಡುವೆ ಮಾತುಕತೆ ಹತ್ತು ನಿಮಿಷ ನಡೆದು ಕೊನೆಗೆ ಒಪ್ಪಂದವಾಯಿತು. ಸೈನ್ಯಕ್ಕೆ ಹೊರಡುವವನು ಮಾಡುವಂತೆ ಬೈಮುರತ್ ರೊಟ್ಟಿಯನ್ನು ಬರೀ ಹಲ್ಲಿನ ಗುರುತು ಮೂಡುವಷ್ಟು ಕಚ್ಚಬೇಕು, ನುಂಗಬಾರದು. ಅವನು ತಿರುಗಿ ಬಂದು ತಿನ್ನುವವರೆಗೆ ಆ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಕಾದಿರಬೇಕು. ಹೋಗಬೇಕಾದ ದಾರಿ ಆರುನೂರು ಮೀಟರು. ಆದರೂ ಬಲ್ಕಿಯಾ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು.

ಆ ದಿನ ಎಲ್ಲವೂ ಸುಸೂತ್ರವಾಗಿ ನಡೆಯಿತು. ರಕ್ತ ತೆಗೆದರು. ಸಕ್ಕರೆ ಸರಿಯಿತ್ತು. ರಕ್ತದೊತ್ತಡ ಇಪ್ಪತ್ತೈದರ ಹುಡುಗನದು. ಸೊಂಟಕ್ಕೆ ಅಳತೆಪಟ್ಟಿ ಸುತ್ತುವಾಗ ಉಸಿರು ಬಿಗಿಹಿಡಿದದ್ದು ಮರ್ಝಾನ್‌ಗೆ ಗೊತ್ತಾದರೂ ಬಿಟ್ಟುಬಿಟ್ಟಳು. ಪ್ರತಿ ಸಂಖ್ಯೆಗೂ ಬೈಮುರತ್ ಬಾಗಿಲ ಬಳಿ ಕೂತ ಹೆಂಡತಿಯ ಕಡೆ ತಿರುಗುತ್ತಿದ್ದ.

"ಬರ್ಕೋ, ಬರ್ಕೋ. ಅಮ್ಮನಿಗೆ ತೋರಿಸ್ಬೇಕು."

"ಕೊನೇದು ಕಣ್ಣು," ಎಂದಳು ಮರ್ಝಾನ್. "ಎಡಗಣ್ಣು ಮುಚ್ಚಿಕೊಳ್ಳಿ."

ಬಲಗಣ್ಣಿನಿಂದ ಅವನು ಅಕ್ಷರಪಟ್ಟಿಯನ್ನು ಕೊನೆಯ ಸಾಲಿನ ತನಕ ಓದಿದ. ಆ ಪಟ್ಟಿಯ ಮೊದಲ ಸಾಲುಗಳು ಅವನ ಕಾಲದ ಗಂಡಸರಿಗೆಲ್ಲ ಬಾಯಿಪಾಠ. ಶಾಲೆಯಲ್ಲಿ ಅದೇ ಪಟ್ಟಿ, ಸೈನ್ಯದಲ್ಲಿ ಅದೇ, ಡ್ರೈವಿಂಗ್ ಲೈಸೆನ್ಸಿಗೂ ಅದೇ.

"ಈಗ ಬಲಗಣ್ಣು."

ಅವನು ಬಲಗಣ್ಣು ಮುಚ್ಚಿಕೊಂಡು, ಕತ್ತು ನೆಟ್ಟಗೆ ಮಾಡಿ, ಸಿಪಾಯಿಯಂತೆ ಗಟ್ಟಿಯಾಗಿ ಹೇಳತೊಡಗಿದ. "ಶ, ಬ. ಮ, ನ, ಕ."

ಮರ್ಝಾನ್ ಪೆನ್ನು ಕೆಳಗಿಟ್ಟಳು.

"ಇನ್ನೂ ಕೆಳಗೆ ಹೇಳ್ಲಾ?"

"ಬೇಡ ಅಣ್ಣ," ಎಂದಳು ಮರ್ಝಾನ್ ಮೆಲ್ಲಗೆ. "ನಾನು ಹಲಗೆ ತಿರುಗಿಸಿದ್ದೀನಿ. ಇದು ಓದೋಕೆ ಬಾರದ ಮಕ್ಕಳಿಗೆ ಇಟ್ಟಿರೋದು. ಬರೀ ಚಿತ್ರ."

"ಬೆಳಕು ಸರಿಯಿಲ್ಲ."

"ಎಲ್ಲಕ್ಕಿಂತ ಮೇಲಿರೋ ಚಿತ್ರ ಯಾವುದು? ಅಂಗೈಯಷ್ಟು ದೊಡ್ಡದು."

ಬೈಮುರತ್ ಕಣ್ಣು ಕಿರಿದು ಮಾಡಿದ. ಅಗಲ ಮಾಡಿದ. ಹಾಲಿನಲ್ಲಿ ಏನೋ ಕಂದು ಕಲೆ ತೇಲಿದಂತೆ ಕಂಡಿತು. "ಚಹಾ ಪಾತ್ರೆ," ಎಂದ.

"ಅದು ಕುದುರೆ, ಅಣ್ಣ."

ಕುಲ್ಯಾಷ್ ಬೆಂಚಿನಿಂದ ಎದ್ದು ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಳು. ಅವಳ ಭುಜಗಳು ಕುಲುಕುತ್ತಿದ್ದವು. ಅಳುತ್ತಿದ್ದಾಳೆ ಎಂದುಕೊಂಡು ಬೈಮುರತ್ ಹೆದರಿದ. ಅಳುತ್ತಿರಲಿಲ್ಲ.

ಮರ್ಝಾನ್ ಟಾರ್ಚು ಹಾಕಿ ನೋಡಿದಳು. ಪೊರೆ. ಜಿಲ್ಲಾ ಕೇಂದ್ರದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಬೇಕು, ಅವರು ಹೂಂ ಅಂದರೆ ಸಣ್ಣ ಶಸ್ತ್ರಚಿಕಿತ್ಸೆ, ಮತ್ತೆ ಕಾಣುತ್ತದೆ. "ನಲವತ್ತೇಳಕ್ಕೆ ಒಂದ್ಸಲ ಬಂದಿದ್ರೆ ಆಗ್ಲೇ ಹೇಳ್ತಿದ್ದೆ. ಆಪರೇಷನ್ ಆಗೋವರೆಗೂ ಕುದುರೆ ಹತ್ತೋ ಹಾಗಿಲ್ಲ." ಖಾಲಿ ಕಾರ್ಡಿನಲ್ಲಿ ಅವಳು ಮೊದಲ ಸಾಲು ಬರೆದಳು.

"ಮರ್ಝಾನ್," ಎಂದ ಬೈಮುರತ್, ಸಣ್ಣ ದನಿಯಲ್ಲಿ. "ಕುಂದು ಹುಡುಕಿದವರಿಗೆ ಕುದುರೆ ಅಂತ ನಾನು ಮಾತು ಕೊಟ್ಟಿದ್ದೆ."

"ನನಗಿರೋದು ಎರಡು ಕೋಣೆ, ಅಣ್ಣ. ಎಲ್ಲಿ ಕಟ್ಲಿ? ಆಮೇಲೆ ಇದನ್ನ ಹುಡುಕಿದ್ದು ನಾನಲ್ಲ. ಮೊದಲ ದಿನ ಫೋನ್ ಮಾಡಿದಾಗ್ಲೇ ಅಕ್ಕ ಹೇಳಿದ್ರು, ಮರೀದೆ ಎಡಗಣ್ಣು ನೋಡು ಅಂತ."

ತಿರುಗಿ ಬರುವಾಗ ಕುಲ್ಯಾಷ್ ಕುದುರೆಯ ಮೇಲೆ ಕೂತಿದ್ದಳು. ಬೈಮುರತ್ ಲಗಾಮು ಹಿಡಿದು ನಡೆಯುತ್ತಿದ್ದ. ಒರಾಜ್‌ನ ಮನೆ ಬಂತು. ಬೇಲಿಯ ಮೇಲೆ ಮೊಣಕೈ ಊರಿಕೊಂಡು ಒರಾಜ್ ಸುದ್ದಿಯನ್ನೆಲ್ಲ ಕೇಳಿಸಿಕೊಂಡ.

"ಅಯ್ಯೋ, ಈಗ ಗೊತ್ತಾಯ್ತಾ? ಎರಡು ವರ್ಷದಿಂದ ನಾನು ನಿನ್ನ ಎಡಗಡೆಯಿಂದಲೇ ಬರ್ತಿದ್ದೀನಲ್ಲೋ. ಸುಮ್ನೆ ಬರ್ತೀನಾ?"

ಬೇಲಿ ದಾಟಿ ಸ್ವಲ್ಪ ದೂರ ಹೋದ ಮೇಲೆ ಬೈಮುರತ್ ನಿಂತು ಹೆಂಡತಿಯ ಕಡೆ ತಲೆಯೆತ್ತಿದ. "ನಿನಗೆ ಗೊತ್ತಿತ್ತು. ಎರಡು ವರ್ಷ ಗೊತ್ತಿದ್ದೂ ಒಂದು ಮಾತು ಹೇಳ್ಲಿಲ್ಲ."

"ಹೇಳಿದ್ದೆ," ಎಂದಳು ಕುಲ್ಯಾಷ್ ಮೇಲಿನಿಂದ. "ಬಟ್ಟಲಿನ ಪಕ್ಕ ಚಹಾ ಸುರೀತೀರಾ, ಎಡಗಣ್ಣು ತೋರಿಸ್ಕೊಂಡು ಬನ್ನಿ ಅಂತ ಹೇಳಿದ್ದೆ. ನೀವು ಹೋಗಿ ಕುದುರೆಗೆ ಹನಿ ಹಾಕಿಸ್ಕೊಂಡು ಬಂದ್ರಿ."

ಅವನು ಮತ್ತೆ ನಡೆಯತೊಡಗಿದ. ದಾರಿ ತಿರುಗುವಲ್ಲಿ ಎಡಕ್ಕೆ ಕಾಲುವೆ. ತೊರಿ ಮೂತಿಯಿಂದ ಅವನ ಭುಜವನ್ನು ಬಲಕ್ಕೆ ನೂಕಿತು. ರೂಢಿಯಿದ್ದ ನೂಕು.

ಮನೆಯಲ್ಲಿ ಬಲ್ಕಿಯಾ ಬಟ್ಟೆ ಬಿಚ್ಚಿ, ಹಲ್ಲಿನ ಗುರುತಿದ್ದ ರೊಟ್ಟಿಯನ್ನು ತಟ್ಟೆಯಲ್ಲಿ ಹಾಕಿ ಮೇಜಿನ ಮೇಲಿಟ್ಟಳು. ಮಗನ ಮುಖ ನೋಡಿ ಎಲ್ಲವನ್ನೂ ಊಹಿಸಿದಳು. "ಕುದುರೆ ಯಾರಿಗೆ ಹೋಯ್ತು?"

"ನಿನ್ನ ಸೊಸೆಗೆ."

ಮುದುಕಿ ಗಾಬರಿಯಾದಳು. "ಅಯ್ಯೋ ಮಗಳೇ, ಯಾಕೆ ತಗೊಂಡೆ? ಗಂಡಾಂತರ ಅದರ ಜೊತೆ ನಿನ್ನ ಹತ್ರ ಬರುತ್ತಲ್ಲೇ."

"ಬಂದು ಇಪ್ಪತ್ನಾಲ್ಕು ವರ್ಷ ಆಯ್ತು, ಅತ್ತೆ," ಎಂದಳು ಕುಲ್ಯಾಷ್, ಚಹಾ ಬಗ್ಗಿಸುತ್ತ. "ಕುದುರೆ ಈಗ ಬಂತು."

ಬೈಮುರತ್ ರೊಟ್ಟಿಗೆ ಕೈ ಚಾಚಿದ. ಕೈ ತಟ್ಟೆಯ ಪಕ್ಕದ ಮೇಜಿಗೆ ಬಡಿಯಿತು. ಕುಲ್ಯಾಷ್ ಮಾತು ನಿಲ್ಲಿಸದೆ, ಅವನ ಕಡೆ ನೋಡದೆ, ತಟ್ಟೆಯನ್ನು ಒಂದು ಗೇಣು ಬಲಕ್ಕೆ ಸರಿಸಿದಳು.