156.66666667 ಸೆಂಟಿಮೀಟರ್ ಎತ್ತರದ ಹುಡುಗಿ

ಬೆಳಗಾವಿಯ ಕಾವಲು ಕಂಪನಿಯೊಂದರ ನೇಮಕಾತಿ ಕೋಣೆಯಲ್ಲಿ ವಿರಾಜಮಾನರಾಗಿರುವ ಕಂಪ್ಯೂಟರ್ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ಖಾನಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಪದ್ಮಶ್ರೀ ಎಂಬ ಬಡ ಶಿಕ್ಷಕಿಯ ಸಾಷ್ಟಾಂಗ ನಮಸ್ಕಾರಗಳು. ತಮಗೆ ಎಂದೂ ಕರೆಂಟು ಹೋಗದಿರಲಿ, ಕೋಣೆಯ ಒಂದೇ ಫ್ಯಾನು ಸದಾ ತಮ್ಮ ಕಡೆಗೇ ತಿರುಗಿರಲಿ.

ನನ್ನ ಶಿಷ್ಯೆ, ದೇಸೂರಿನ ಲಕ್ಷ್ಮೀ, ಕಳೆದ ವಾರ ತಮ್ಮಲ್ಲಿ ಕಾವಲುಗಾರ್ತಿಯ ಕೆಲಸಕ್ಕೆ ಬಂದಿದ್ದಳು. ಕುರಿ ಕಾಯುವ ಮನೆತನದಲ್ಲಿ ಯೂನಿಫಾರ್ಮು ತೊಡುವ ಮೊದಲಿಗಳು ತಾನೇ ಎಂದು ನಂಬಿ, ದರ್ಜಿಗೆ ಅಳತೆಯನ್ನೂ ಕೊಟ್ಟುಬಿಟ್ಟಿದ್ದಳು. ಎತ್ತರ 157 ಸೆಂಟಿಮೀಟರ್ ಇರಬೇಕೆಂಬುದು ತಮ್ಮ ನಿಯಮ. ತಮ್ಮ ಗೋಡೆಯ ಮೇಲೆ ಸೆಂಟಿಮೀಟರಿಗೊಂದು ಗೆರೆಯಿದೆ, ಗೆರೆಗಳ ನಡುವೆ ಬರೀ ಸುಣ್ಣವಿದೆ. ಅವಳನ್ನು ಅಲ್ಲಿ ನಿಲ್ಲಿಸಿದ ಗುಮಾಸ್ತ ತಮ್ಮಣ್ಣನವರು ಎರಡು ಸಲ 157 ಎಂದರು. ಮೂರನೆಯ ಸಲ ಕುರ್ಚಿಯಿಂದ ಏಳುವ ಕಷ್ಟವನ್ನೂ ತೆಗೆದುಕೊಳ್ಳದೆ 156 ಎಂದರು. ತಾವು ಮೂರನ್ನೂ ಕೂಡಿಸಿ, ಭಾಗಿಸಿ, 156.66666667 ಎಂದು ಅಪ್ಪಣೆ ಕೊಡಿಸಿದಿರಿ. ಹುಡುಗಿ ಗಿಡ್ಡಳಾದಳು, ಕೆಲಸ ಹೋಯಿತು.

ಎಂಥ ಕಣ್ಣು ತಮ್ಮದು! ಗೋಡೆಗೂ ತಮ್ಮಣ್ಣನವರಿಗೂ ಗೊತ್ತಿಲ್ಲದ ಎಂಟು ದಶಾಂಶಗಳು ಕೂತಲ್ಲೇ ತಮಗೆ ಕಂಡವು. ಅವಳು ತಲೆಗೆ ಒಂದು ಹನಿ ಎಣ್ಣೆ ಹೆಚ್ಚು ಹಚ್ಚಿಕೊಂಡು ಬಂದಿದ್ದರೂ ಆ ಬಾಲದ ಅಂಕಿಗಳೆಲ್ಲ ಸುಳ್ಳಾಗುತ್ತಿದ್ದವು. ಅಳತೆಯಲ್ಲಿ ಮೂರು ಸಾರ್ಥಕ ಅಂಕಿಗಳಿದ್ದರೆ ಉತ್ತರದಲ್ಲೂ ಮೂರೇ ಇರಬೇಕು, ಉಳಿದದ್ದು ಯಂತ್ರದ ಬಡಾಯಿ ಎಂದು ನಾನು ಮಕ್ಕಳ ಕಿವಿ ಹಿಂಡಿ ಕಲಿಸುತ್ತೇನೆ. ಹಾಗೆ ನೋಡಿದರೆ ಉತ್ತರ 157, ಕೆಲಸ ಅವಳದು. ತಮ್ಮ ಕಿವಿ ಎಲ್ಲಿದೆಯೋ ತಿಳಿಯದು.

ವಿಚಾರಿಸಲು ಬಂದರೆ ತಮ್ಮಣ್ಣನವರು, "ಅಳತಿ ಬೇಕಾದ್ರ ತಪ್ಪಿರಬಹುದ್ರಿ ಟೀಚರ್, ಕಂಪ್ಯೂಟರ್ ತಪ್ಪಂಗಿಲ್ಲ" ಎಂದು ಕೈಮುಗಿದರು. ಲಕ್ಷ್ಮೀ ಮಾತ್ರ, "ಮೂರೂ ಸಲ ನಿಂತಾಕಿ ನಾನ ಅಲ್ರಿ? ಮತ್ತ ಆ ಆರುಗಳು ಯಾರವ್ರಿ?" ಎಂದು ಕೇಳಿದಳು.

ಆದ್ದರಿಂದ ತಾವು ರವಿವಾರ ಪೇಟೆಗೆ ದಯಮಾಡಿಸಿ, ಬೆಲ್ಲ ತೂಗುವಾಗ ಅದರ ಮೇಲೆ ಕೂತ ನೊಣದ ತೂಕವನ್ನು ಕಳೆದುಕೊಡಬೇಕು. ಖಾನಾಪುರದ ಬಸ್ಸು "ಈಗ ಬರ್ತದ" ಎನ್ನುವಾಗ ಆ 'ಈಗ' ಎಷ್ಟು ಸೆಕೆಂಡೆಂದು ಎಂಟು ದಶಾಂಶಗಳಲ್ಲಿ ಬೋರ್ಡಿಗೆ ಬರೆಸಬೇಕು. ಇವೆರಡೂ ಮುಗಿದು ಪುರುಸೊತ್ತಾದರೆ ಲಕ್ಷ್ಮೀಯನ್ನು ವಾಪಸು ಕರೆಯಬೇಕು. ಮೂರರಲ್ಲಿ ಕೊನೆಯದೇ ತಮಗೆ ಅಸಾಧ್ಯವೆಂದು ಬಲ್ಲೆ.

ಮೂರು ಅಂಕಿಗಳವರೆಗೆ ಮಾತ್ರ
ತಮ್ಮ ವಿಶ್ವಾಸಿ,
ಪದ್ಮಶ್ರೀ

ವಿ.ಸೂ.: ಹೊರಡುವಾಗ ತಮ್ಮ ಗೋಡೆಯ ಬುಡವನ್ನು ಬಗ್ಗಿ ನೋಡಿದೆ. ಬಣ್ಣ ಬಳಿದವರು ನೆಲದಂಚಿನ ಕರಿಪಟ್ಟಿಯನ್ನು ಬಿಟ್ಟು, ಅದರ ಮೇಲಿನಿಂದ ಸೊನ್ನೆ ಶುರು ಮಾಡಿದ್ದಾರೆ. ಪಟ್ಟಿ ಎರಡು ಬೆರಳಿನಷ್ಟು ಅಗಲವಿದೆ. ಲಕ್ಷ್ಮೀ ಅಷ್ಟು ಎತ್ತರ ಹೆಚ್ಚಿದ್ದಾಳೆ. ಎರಡು ಬೆರಳೆಂದರೆ ಎಷ್ಟೆಂದು, ಎಂಟು ದಶಾಂಶಗಳವರೆಗೆ, ತಾವೇ ಅಪ್ಪಣೆ ಕೊಡಿಸಬೇಕು.